ಈ ಬಿಸಿಲಲ್ಲಿ ತೋಟದ ಕೆಲಸ ಬಿಟ್ಟು ತೋಟದಲ್ಲಿ ಕೂತಿದ್ದೇನೆ. ನೀವೇನು ಮಾಡ್ತಿದ್ದೀರಿ?

ಹಿತ್ತಲ ಮಲ್ಲಿಗೆ, ಶಿವಮೊಗ್ಗ
ಏಪ್ರಿಲ್ 19, ಸಂಜೆ 7:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮದು ಹಳೇ ಮನೆ. ಹಿಂದೆ ಸಣ್ಣ ಹಿತ್ತಲು. ಒಂದು ಮಾವಿನ ಮರ, ಎರಡು ತೆಂಗು, ಬಾವಿಕಟ್ಟೆ, ದುಂಡುಮಲ್ಲಿಗೆ, ಬಸಳೆ ಚಪ್ಪರ, ನೆಲದ ಮೇಲೆ ಹಬ್ಬಿದ ಕುಂಬಳ ಬಳ್ಳಿ. ನಿವೃತ್ತಿ ಆದ ಮೇಲೆ ನನ್ನ ದಿನ ಪೂರ್ತಿ ಅಲ್ಲೇ ಕಳೆಯುತ್ತದೆ.

ಎರಡು ವಾರದ ಹಿಂದೆ ಮಧ್ಯಾಹ್ನ ಎರಡು ಗಂಟೆಗೆ ಕುಂಬಳದ ಎಲೆಗಳೆಲ್ಲ ಜೋತು ಬಿದ್ದಿದ್ದವು. ನೋಡಿ ಹೊಟ್ಟೆ ಚುರ್ ಅಂತು. ಕೊಡಪಾನ ಹಿಡಿದು ನೀರು ಹೊರೋದಕ್ಕೆ ಶುರು ಮಾಡಿದೆ. ನಾಲ್ಕನೇ ಕೊಡಕ್ಕೆ ಕಣ್ಣು ಕತ್ತಲೆ ಬಂತು. ಬಾವಿಕಟ್ಟೆ ಹಿಡಿದು ಕೂತವಳಿಗೆ ಏಳೋದಕ್ಕೇ ಆಗಲಿಲ್ಲ. ಪಕ್ಕದ ಮನೆಯವರು ಬಂದು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಬಿಸಿಲು ಬಡಿದಿದೆ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡಬೇಡಿ ಅಂದರು. ಹತ್ತು ದಿನ ಯಾವ ಕೆಲಸವೂ ಬೇಡ ಅಂತಲೂ ಹೇಳಿದರು.

ಹಾಗಾಗಿ ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ದಿನ ಜೀವ ಚಡಪಡಿಸಿತು. ಕುಂಬಳ ಮತ್ತೆ ಜೋತಿದೆ, ನಾನು ನೀರು ಹಾಕುವ ಹಾಗಿಲ್ಲ. ಇವತ್ತು ಬಳ್ಳಿ ಹೋಯಿತು ಅಂದುಕೊಂಡೆ. ನಾಲ್ಕೂವರೆಗೆ ಮಾವಿನ ನೆರಳು ಬಳ್ಳಿಯ ಮೇಲೆ ಬಂತು. ಐದಕ್ಕೆ ತುದಿಯ ಎಳೆ ಎಲೆಗಳು ಒಂಚೂರು ತಲೆ ಎತ್ತಿದವು. ಆರು ಗಂಟೆಗೆ ಇಡೀ ಬಳ್ಳಿ ಅಂಗೈ ಬಿಡಿಸಿದ ಹಾಗೆ ನಿಂತಿತ್ತು. ಒಂದು ಚೊಂಬು ನೀರು ಹಾಕಿರಲಿಲ್ಲ!

ಎಷ್ಟು ವರ್ಷದಿಂದ ಕುಂಬಳ ಬೆಳೆಸಿದ್ದೇನೆ. ಇದನ್ನು ನೋಡಿಯೇ ಇರಲಿಲ್ಲ. ಯಾಕೆಂದರೆ ಪ್ರತಿ ಸಲ ಎಲೆ ಬಾಡಿದ ಕೂಡಲೇ ನೀರು ಸುರಿಯುತ್ತಿದ್ದೆ, ಸಂಜೆ ಅದು ಎದ್ದಾಗ ನನ್ನ ನೀರಿನಿಂದಲೇ ಎದ್ದಿತು ಅಂದುಕೊಳ್ಳುತ್ತಿದ್ದೆ. ನಡು ಮಧ್ಯಾಹ್ನ ಎಲೆಯಿಂದ ಹೋಗುವ ನೀರಿನಷ್ಟು ವೇಗವಾಗಿ ಬೇರು ಎಳೆದುಕೊಳ್ಳೋದಕ್ಕೆ ಆಗಲ್ಲ. ಆಗ ಎಲೆ ಜೋತು ಬೀಳುತ್ತೆ. ಜೋತ ಎಲೆಗೆ ಬಿಸಿಲು ನೇರ ಬೀಳೋದಿಲ್ಲ, ಅಷ್ಟು ಕಡಿಮೆ ಒಣಗುತ್ತೆ. ಎಲೆಯ ಅಡಿಯಲ್ಲಿರುವ ಸಣ್ಣ ಬಾಯಿಗಳನ್ನೂ ಗಿಡ ಮುಚ್ಚಿಕೊಳ್ಳುತ್ತೆ. ಅಂದರೆ ಆ ಹೊತ್ತಿಗೆ ಗಿಡವೇ ಕೆಲಸ ನಿಲ್ಲಿಸಿರುತ್ತೆ, ಅಲ್ವಾ? ಬೆಳಿಗ್ಗೆ ಎದ್ದಾಗಲೂ ಎಲೆ ಬಾಡಿಯೇ ಇದ್ದರೆ ಮಾತ್ರ ಮಣ್ಣಲ್ಲಿ ನೀರಿಲ್ಲ ಅಂತ ಅರ್ಥ.

ಈಗ ಹತ್ತು ದಿನ ಮುಗಿದಿದೆ. ಆದರೂ ಕುರ್ಚಿ ಒಳಗೆ ಇಟ್ಟಿಲ್ಲ. ಬೆಳಿಗ್ಗೆ ಆರರಿಂದ ಏಳೂವರೆವರೆಗೆ ನೀರು ಮತ್ತು ಸಣ್ಣಪುಟ್ಟ ಕೆಲಸ. ಆಮೇಲೆ ಸಂಜೆವರೆಗೆ ಏನೂ ಇಲ್ಲ. ನಿಮ್ಮ ಕಡೆ ಹೇಗೆ? ಬೇಸಿಗೆಯಲ್ಲಿ ತೋಟದಲ್ಲಿ ಸುಮ್ನೆ ಕೂತು ಏನೇನು ನೋಡಿದ್ದೀರಿ, ಬರೆಯಿರಿ.


ತಾರಸಿ ತೋಟ, ಶಿವಮೊಗ್ಗ
ಏಪ್ರಿಲ್ 19, ರಾತ್ರಿ 9:15

ಅಕ್ಕಾ, ಈಗ ಆರೋಗ್ಯ ಹೇಗಿದೆ? ಹುಷಾರಾಗಿರಿ.

ನಾನು ಬಾಡಿಗೆ ಮನೆಯ ತಾರಸಿಯಲ್ಲಿ ಗಿಡ ಇಟ್ಟಿದ್ದೇನೆ. ಗ್ರೋ ಬ್ಯಾಗ್‌ಗಳಲ್ಲಿ ಟೊಮೆಟೊ, ಬದನೆ, ಬೀನ್ಸ್. ಮೊನ್ನೆ 38 ಡಿಗ್ರಿ ಇತ್ತು. ತಾರಸಿಯ ಸಿಮೆಂಟು ಬರಿಗಾಲಿಗೆ ಸುಡುತ್ತೆ. ಟೊಮೆಟೊ ಹೂ ಎಲ್ಲಾ ಉದುರುತ್ತಿದೆ. ಎರಡು ಸಲ ಗೊಬ್ಬರ ಹಾಕಿದೆ, ಎಂತದೋ ಔಷಧಿ ಹೊಡೆದೆ. ದಿನಕ್ಕೆ ಮೂರು ಸಲ ನೀರು. ಆಫೀಸಿನಿಂದ ಬಂದವನು ರಾತ್ರಿ ಒಂಬತ್ತರವರೆಗೆ ಮೇಲೇ ಇರುತ್ತೇನೆ. ಇಷ್ಟು ಮಾಡಿಯೂ ಗಿಡ ಸೊರಗಿದರೆ ತುಂಬ ಬೇಜಾರು ಆಗುತ್ತೆ. ಸುಮ್ನೆ ಕೂರೋ ಧೈರ್ಯ ನನಗಿಲ್ಲ.


ಹಿತ್ತಲ ಮಲ್ಲಿಗೆ, ಶಿವಮೊಗ್ಗ
ಏಪ್ರಿಲ್ 20, ಬೆಳಿಗ್ಗೆ 8:05

ತಮ್ಮಾ, ಟೊಮೆಟೊ ಹೂ ಉದುರೋದು ನಿಮ್ಮ ತಪ್ಪಲ್ಲ. ಹಗಲು 35 ಡಿಗ್ರಿ ಮೇಲೆ ಹೋಗಿ, ರಾತ್ರಿಯೂ ತಂಪಾಗದಿದ್ದರೆ ಹೂವಿನ ಪರಾಗ ಕೆಡುತ್ತೆ, ಕಾಯಿ ಕಟ್ಟಲ್ಲ. ಗಿಡ ಆ ಹೂವನ್ನು ಬಿಟ್ಟುಬಿಡುತ್ತೆ. ಬೀನ್ಸ್ ಕೂಡ ಹಾಗೇ. ಇದಕ್ಕೆ ಗೊಬ್ಬರ ಮದ್ದಲ್ಲ. ಕಾದ ಮಣ್ಣಿಗೆ ಗೊಬ್ಬರ ಹಾಕಿದರೆ ಬೇರು ಸುಡಬಹುದು. ದಯವಿಟ್ಟು ಈಗ ನಿಲ್ಲಿಸಿ.

ಮಾಡಬೇಕಾದ್ದು ಸ್ವಲ್ಪವೇ ಇದೆ. ಬ್ಯಾಗುಗಳನ್ನು ಗೋಡೆಯಿಂದ ಈಚೆ ತಂದು ಒಂದಕ್ಕೊಂದು ತಾಗಿಸಿ ಗುಂಪಾಗಿಡಿ. ಪಡುವಣ ಬಿಸಿಲಿಗೆ ಹಸಿರು ಪರದೆ ಕಟ್ಟಿ, ಇಲ್ಲದಿದ್ದರೆ ಹಳೇ ಕಾಟನ್ ಸೀರೆ ಸಾಕು. ಬ್ಯಾಗಿನ ಮಣ್ಣು ಕಾಣದ ಹಾಗೆ ತೆಂಗಿನ ನಾರು ಅಥವಾ ಒಣ ಎಲೆ ಮುಚ್ಚಿ. ಬೆಳಿಗ್ಗೆ ನಿಧಾನಕ್ಕೆ, ಅಡಿಯಿಂದ ನೀರು ಇಳಿಯುವವರೆಗೆ ಹಾಕಿ. ಸಂಜೆ ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ಸಿಕ್ಕಿದರೆ ನೀರು ಬೇಡ.

ಇಷ್ಟು ಮಾಡಿ ಒಂದು ವಾರ ಗಿಡಗಳ ಹತ್ತಿರ ಸುಮ್ನೆ ಕೂತು ನೋಡಿ.


ಸೋಗೆ ಮಾಡು, ತೀರ್ಥಹಳ್ಳಿ ಕಡೆ
ಏಪ್ರಿಲ್ 20, ರಾತ್ರಿ 11:50

ಮೇಡಂ, ನೀವು ಬರೆದಿದ್ದು ಚೆನ್ನಾಗಿದೆ. ಆದರೆ ನನ್ನ ಮನಸ್ಸಲ್ಲಿ ಇದ್ದಿದ್ದನ್ನೂ ಹೇಳುತ್ತೇನೆ.

ನಮ್ಮದು ಅಡಿಕೆ ತೋಟ. ಕೂತರೆ ನಡೆಯೋದಿಲ್ಲ. 2023ರಲ್ಲಿ ಮಳೆ ಕೈಕೊಟ್ಟ ಮೇಲೆ 2024ರ ಬೇಸಿಗೆ ಹೇಗಿತ್ತು ಅಂತ ಈ ಕಡೆಯವರಿಗೆಲ್ಲ ಗೊತ್ತು. ನಮ್ಮ ಹಳ್ಳ ಮಾರ್ಚ್‌ನಲ್ಲೇ ನಿಂತಿತು. ಕೆರೆಯ ತಳ ಬಿರುಕು ಬಿಟ್ಟಿತು. ಮೂರು ವರ್ಷದ ಸಸಿಗಳು ಕಣ್ಣೆದುರೇ ಹೋದವು. ಡ್ರಿಪ್‌ನಲ್ಲಿ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು ಅಂತಾರೆ. ಅಷ್ಟು ನೀರು ಎಲ್ಲಿಂದ ತರೋದು ಅಂತ ಆ ಬೇಸಿಗೆ ಪೂರ್ತಿ ನಿದ್ದೆ ಇರಲಿಲ್ಲ. ಈಗಲೂ ಕರೆಂಟು ಬರುವ ಹೊತ್ತಿಗೆ ಎದ್ದು ಮೋಟಾರು ಹಾಕಬೇಕು. ಈ ಸಾಲು ಬರೆಯುತ್ತಿರುವುದೂ ಪಂಪ್‌ಶೆಡ್ಡಿನಿಂದಲೇ.

ಹಿತ್ತಲು ಬೇರೆ, ಹೊಟ್ಟೆಪಾಡಿನ ತೋಟ ಬೇರೆ. ತಪ್ಪು ತಿಳಿಯಬೇಡಿ.


ಹಿತ್ತಲ ಮಲ್ಲಿಗೆ, ಶಿವಮೊಗ್ಗ
ಏಪ್ರಿಲ್ 21, ಬೆಳಿಗ್ಗೆ 6:50

ಅಣ್ಣಾ, ತಪ್ಪು ತಿಳಿಯೋದು ಏನೂ ಇಲ್ಲ. ಸಸಿ ಕಣ್ಣೆದುರು ಹೋಗೋದು ಅಂದರೆ ಏನು ಅಂತ ನನಗೆ ಅರ್ಥ ಆಗುತ್ತೆ. ನನ್ನ ತವರೂ ಅಡಿಕೆ ಮನೆಯೇ. ನಾನು ಬರೆದಿದ್ದು ಬಾವಿಯಲ್ಲಿ ನೀರಿರುವವಳ ಮಾತು, ಅದು ನಿಜ.

ಒಂದು ಕೇಳಲಾ? ಮೋಟಾರು ಓಡುವಷ್ಟು ಹೊತ್ತು ನೀವು ಏನು ಮಾಡುತ್ತೀರಿ?


ಡೇರೆ ಗೆಡ್ಡೆ, ಸಾಗರ
ಏಪ್ರಿಲ್ 21, ಮಧ್ಯಾಹ್ನ 2:30

ಊಟ ಆಗಿ ಬೆತ್ತದ ಚಾಪೆ ಮೇಲೆ ಒರಗಿಕೊಂಡು ಬರೆಯುತ್ತಿದ್ದೇನೆ. ಎಲ್ಲರ ಮಾತೂ ಓದಿದೆ.

ನನಗೆ ಬೇಸಿಗೆಯಲ್ಲಿ ಸುಮ್ಮನಿರೋದನ್ನು ಕಲಿಸಿದ್ದು ಡೇರೆ. ಪೇಟೆಯವರು ಡೇಲಿಯಾ ಅಂತಾರೆ. ಡಾಲ್ ಅನ್ನುವ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞರ ಹೆಸರು ಅದಕ್ಕೆ ಇಟ್ಟಿದ್ದು. ಹೂವಿನ ಮೂಲ ಮೆಕ್ಸಿಕೋದ ತಂಪು ಗುಡ್ಡಗಳು. ಅಲ್ಲಿಂದ ಬಂದ ಹೂ ನಮ್ಮ ಮಲೆನಾಡಿನ ಅಂಗಳಕ್ಕೆ ಎಷ್ಟು ಒಗ್ಗಿಕೊಂಡಿದೆ ಅಂದರೆ, ಈಗ ಡೇರೆ ಇಲ್ಲದ ಮಳೆಗಾಲ ನೆನೆಸಿಕೊಳ್ಳೋದಕ್ಕೇ ಆಗಲ್ಲ. ನಮ್ಮಲ್ಲಿ ಅದು ಅರಳೋದು ಮಳೆಗಾಲದ ತಂಪಿನಲ್ಲಿ. ಬೇಸಿಗೆಯಲ್ಲಿ ಮೇಲೆ ಏನೂ ಇರಲ್ಲ. ಗೆಡ್ಡೆ ಮಾತ್ರ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಆ ಬರಿ ಮಡಿ ನೋಡಿ ತಡೆಯಲಾಗುತ್ತಿರಲಿಲ್ಲ. ಗೆಡ್ಡೆ ಬದುಕಿದೆಯಾ ಅಂತ ವಾರಕ್ಕೊಮ್ಮೆ ಕೆದಕುತ್ತಿದ್ದೆ. ನೀರು ಹಾಕುತ್ತಿದ್ದೆ. ಆ ವರ್ಷ ಅರ್ಧ ಗೆಡ್ಡೆ ಕೊಳೆತವು. ನಮ್ಮ ಅತ್ತೆ ಬೈಯಲಿಲ್ಲ. "ಮಲಗಿದ ಮಗುವನ್ನ ಯಾರಾದ್ರೂ ಎಬ್ಬಿಸಿ ನೋಡ್ತಾರಾ?" ಅಂತ ಕೇಳಿದರು, ಅಷ್ಟೇ. ಮರುವರ್ಷದಿಂದ ಗೆಡ್ಡೆ ತೆಗೆದು ಮಣ್ಣು ಕೊಡವಿ, ಒಣ ಮರಳು ಹಾಕಿದ ಹಳೇ ಬುಟ್ಟಿಯಲ್ಲಿಟ್ಟು ಅಟ್ಟದ ಕೆಳಗೆ ಇಡುತ್ತೇನೆ. ಮೇ ಕೊನೆಯವರೆಗೆ ಮುಟ್ಟೋದಿಲ್ಲ. ಒಂದೆರಡು ಮಳೆ ಬಿದ್ದು ಗಾಳಿಗೆ ತೇವ ಬಂದ ಮೇಲೆ ಹಳೇ ಕಾಂಡದ ಬುಡದಲ್ಲಿ ಕಣ್ಣು ಒಡೆಯುತ್ತೆ. ಸಾಸಿವೆಯಷ್ಟು ಸಣ್ಣದು, ಕೆಂಪಗೆ. ಅದನ್ನು ನೋಡಿದ ಮೇಲೆ ಮಣ್ಣಿಗೆ.

ಗೆಡ್ಡೆ ಬೇಕಾದವರು ಹೇಳಿ. ನನ್ನ ಹತ್ತಿರ ಬಿಳಿ, ನೇರಳೆ, ಕೆಂಪಿನ ಮೇಲೆ ಬಿಳಿ ತುದಿ ಇರೋದು ಇದೆ. ಬದಲಿಗೆ ಹಳದಿ ಇದ್ದರೆ ಕೊಡಿ, ನನ್ನದು ಹೋಗಿದೆ.


ಘಟ್ಟದ ಅಂಚು, ಆಗುಂಬೆ ಹತ್ತಿರ
ಏಪ್ರಿಲ್ 22, ಬೆಳಿಗ್ಗೆ 9:20

ಮಣ್ಣಿಗೆ ಒಣ ಎಲೆ ಮುಚ್ಚೋ ವಿಷಯ ಮೇಲೆ ಬಂತು. ನಾವೂ ಸೊಪ್ಪಿನಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ದರಗು (ಒಣ ಎಲೆ) ತಂದು ಬುಡಕ್ಕೆ ಹಾಕುತ್ತೇವೆ. ಕಾಡಿನ ಅಂಚಿನಲ್ಲಿ ಇರುವವರಿಗೆ ಒಂದು ಮಾತು ಹೇಳಲೇಬೇಕು.

ಈ ತಿಂಗಳು, ಬರುವ ತಿಂಗಳು ದೊಡ್ಡ ದರಗಿನ ಗುಡ್ಡೆಗೆ ಕೈ ಹಾಕುವ ಮುಂಚೆ ದೂರ ನಿಂತು ನೋಡಿ. ಕಾಳಿಂಗ ಮೊಟ್ಟೆ ಇಡುವ ಕಾಲ ಇದು. ಒಣ ಎಲೆ ಗುಡ್ಡೆ ಮಾಡಿ ಗೂಡು ಕಟ್ಟುವ ಹಾವು ಅದೊಂದೇ. ಕೈಕಾಲಿಲ್ಲದ ಜೀವ, ಮೈಯನ್ನೇ ಸುತ್ತಿ ಎಲೆ ಎಳೆದು ಒಟ್ಟುತ್ತೆ. ಆಮೇಲೆ ಹೆಣ್ಣು ಕಾವಲಿಗೆ ಅಲ್ಲೇ ಇರುತ್ತೆ. ಯಾರೂ ಕೂಡಿಹಾಕದ ಎಲೆ ಗುಡ್ಡೆಯಾಗಿ ಕಂಡರೆ ಹಿಂದೆ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ಇಲ್ಲಿ 2005ರಿಂದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಕಾಳಿಂಗದ ಬಗ್ಗೆ ತುಂಬ ಕೆಲಸ ಮಾಡಿದ್ದಾರೆ.

ಪೇಟೆ ಹಿತ್ತಲಲ್ಲೂ ಅಷ್ಟೇ. ಸೆಕೆಗೆ ಹಾವು ಕುಂಡದ ಅಡಿ, ನೀರಿನ ಪೈಪಿನ ಸಿಂಬಿ, ಇಂಥ ತಂಪು ಜಾಗ ಹುಡುಕುತ್ತೆ. ಕುಂಡ ಎತ್ತುವ ಮುಂಚೆ ಕೋಲಿನಿಂದ ತಟ್ಟಿ.

ಇನ್ನು ನಾನು ಕೂತು ನೋಡಿದ್ದು. ಮಾವಿನ ಮರದಲ್ಲಿ ಚಗಳಿ ಇರುವೆ ಗೂಡು ಹೊಲಿಯೋದು. ಮೊದಲು ಒಂದು ಸಾಲು ಇರುವೆ ಒಂದು ಎಲೆಯ ಅಂಚಿನಲ್ಲಿ ಕಾಲೂರಿ, ಬಾಯಲ್ಲಿ ಇನ್ನೊಂದು ಎಲೆಯ ಅಂಚು ಹಿಡಿದು ಎಳೆಯುತ್ತವೆ. ಎಲೆ ದೂರ ಇದ್ದರೆ ಒಂದರ ಸೊಂಟ ಒಂದು ಹಿಡಿದು ಸರಪಳಿ ಆಗುತ್ತವೆ. ಎರಡು ಅಂಚು ಸೇರಿದ ಮೇಲೆ ಒಳಗಿನಿಂದ ಬೇರೆ ಇರುವೆಗಳು ಬಿಳಿ ಮರಿಹುಳು ಹಿಡಿದು ಬರುತ್ತವೆ. ಆ ಹುಳುವಿನ ಬಾಯಿಯಿಂದ ಎಳೆ ಬರುತ್ತೆ. ಅದನ್ನು ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ಮುಟ್ಟಿಸುತ್ತಾ ಹೊಲಿಯುತ್ತವೆ. ಒಂದೂವರೆ ಗಂಟೆ ನೋಡಿದೆ. ಎರಡು ಎಲೆ ಮುಗಿಯಿತು. ಇಷ್ಟು ವರ್ಷ ಚಗಳಿ ಅಂದರೆ ಕಚ್ಚೋದು, ಇಲ್ಲ ಚಟ್ನಿ. ಅಷ್ಟೇ ಗೊತ್ತಿದ್ದಿದ್ದು.


ಹೊಸನಗರದ ಹುಡುಗಿ, ಈಗ ಬೆಂಗಳೂರು
ಏಪ್ರಿಲ್ 22, ರಾತ್ರಿ 10:05

ನಿಮ್ಮೆಲ್ಲರ ಮಾತು ಓದಿ ಊರು ನೆನಪಾಗಿ ಗಂಟಲು ಕಟ್ಟಿತು. ಮಕ್ಕಳಿಗೆ ರಜೆ. ಮೇ ಮೊದಲ ವಾರ ಅಮ್ಮನ ಮನೆಗೆ ಬರುತ್ತಿದ್ದೇವೆ. ಹೋದ ವರ್ಷ ಹತ್ತು ದಿನ ಇದ್ದರೂ ಜೋಗ, ಸಕ್ರೆಬೈಲು, ಕೆಳದಿ ಅಂತ ಕಾರಲ್ಲೇ ಕಳೆದೆವು. ಈ ಸಲ ಎಲ್ಲೂ ಹೋಗೋದು ಬೇಡ, ಮನೆ ಅಂಗಳದಲ್ಲೇ ಇರೋಣ ಅಂತ ಆಸೆ. ಎಂಟು, ಹನ್ನೊಂದು ವರ್ಷದವರು. ಅಂಗಳದಲ್ಲಿ ಅವರಿಗೆ ಏನು ತೋರಿಸಲಿ? ಅಮ್ಮ ಮಾಡುತ್ತಿದ್ದ ಬೇಸಿಗೆಯ ತಂಬುಳಿಗಳೂ ನನಗೆ ಮರೆತೇ ಹೋಗಿವೆ.


ಡೇರೆ ಗೆಡ್ಡೆ, ಸಾಗರ
ಏಪ್ರಿಲ್ 23, ಮಧ್ಯಾಹ್ನ 3:10

ಬಾ ತಂಗಿ, ಒಳ್ಳೇ ಯೋಚನೆ.

ಮೇ ಮೊದಲ ವಾರ ಅಂದರೆ ಭರಣಿ ಮಳೆ ನಕ್ಷತ್ರ. "ಭರಣಿ ಬಂದರೆ ಧರಣಿಯೆಲ್ಲ ಬೆಳೆ" ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಒಂದು ಮಳೆಯಾದರೂ ಸಿಗಲಿ ಅಂತ ನಾನೂ ಕಾಯುತ್ತಿದ್ದೇನೆ. ಹಲಸಿನ ಮರದ ಕೊಂಬೆ ನೋಡಿಸು. ಅಲ್ಲಿ ಬೆಳೆಯುವ ಸೀತಾಳೆ ದಂಡೆ (ಆರ್ಕಿಡ್ ಹೂ) ಮೊಗ್ಗು ಬಿಟ್ಟಿರಬಹುದು. ಮೊದಲ ಮಳೆ ಆದ ಮೇಲೆ ಅಂಗಳದ ಮೂಲೆಯಲ್ಲಿ ಕೆಂಪು ಚೆಂಡಿನಂಥ ಹೂ ಎಲೆಯೇ ಇಲ್ಲದೆ ನೆಲದಿಂದ ಏಳುತ್ತಲ್ಲ, ಅದು ಮಕ್ಕಳಿಗೆ ತುಂಬ ಇಷ್ಟ ಆಗುತ್ತೆ. ನಾವು ಮೇ ಹೂ ಅಂತೀವಿ.

ಮುರುಗಲು (ಕೋಕಂ) ಹಣ್ಣಾಗಿರುತ್ತೆ. ಮಕ್ಕಳ ಕೈಯಲ್ಲೇ ಹೆಕ್ಕಿಸು. ಬೀಜ ತೆಗೆದು ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗೆ ಇಡು. ಎರಡೇ ದಿನಕ್ಕೆ ರಸ ಬಿಡುತ್ತೆ, ಗಾಢ ಕೆಂಪು. ಒಂದು ಲೋಟ ತಣ್ಣೀರಿಗೆ ಎರಡು ಚಮಚ ರಸ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ.

ತಂಬುಳಿಗೆ ಒಂದೆಲಗ ಎಲ್ಲಿದ್ದರೂ ಸಿಗುತ್ತೆ, ಬಚ್ಚಲ ನೀರು ಹರಿಯುವ ಕಡೆ ನೋಡು. ಒಂದು ಹಿಡಿ ಬೇರು ಸಮೇತ ತಂದು ಚೆನ್ನಾಗಿ ತೊಳಿ. ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಹುರಿ. ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸು. ಒಲೆ ಮೇಲೆ ಇಡೋದು ಬೇಡ. ಇಂಗು, ಸಾಸಿವೆ ಒಗ್ಗರಣೆ ಸಾಕು. ಉಂಡ ಮೇಲೆ ಮಕ್ಕಳು ತಾವಾಗಿಯೇ ಚಾಪೆ ಹುಡುಕುತ್ತಾರೆ.

ತೋರಿಸೋದಕ್ಕೆ ಪಟ್ಟಿ ಮಾಡಬೇಡ. ಬಾವಿಕಟ್ಟೆ ಹತ್ತಿರ ಬಿಡು, ಅವರೇ ಏನಾದರೂ ಕಂಡುಹಿಡಿದು ನಿನ್ನನ್ನು ಕರೆಯುತ್ತಾರೆ.


ತಾರಸಿ ತೋಟ, ಶಿವಮೊಗ್ಗ
ಏಪ್ರಿಲ್ 26, ಬೆಳಿಗ್ಗೆ 7:30

ಅಕ್ಕಾ, ನೀವು ಹೇಳಿದ ಹಾಗೆ ಒಂದು ವಾರ ಮಾಡಿದೆ. ಬ್ಯಾಗು ಒಟ್ಟಿಗೆ ಇಟ್ಟೆ, ಅಮ್ಮನ ಹಳೇ ಸೀರೆ ಕಟ್ಟಿದೆ, ಗೊಬ್ಬರ ನಿಲ್ಲಿಸಿದೆ. ನೀರು ಬೆಳಿಗ್ಗೆ ಒಂದೇ ಸಲ. ಸಂಜೆ ಬೆರಳು ಇಳಿಸಿದರೆ ಹೆಚ್ಚಿನ ಬ್ಯಾಗಲ್ಲಿ ತೇವ ಇದೆ. ಟೊಮೆಟೊ ಇನ್ನೂ ಕಾಯಿ ಕಟ್ಟಿಲ್ಲ, ಆದರೆ ಎಲೆ ಹಸಿರಾಗಿದೆ. ಗಿಡ ಕೀಳಬೇಕು ಅಂತಿದ್ದೆ, ಈಗ ಮಳೆ ಬರುವವರೆಗೆ ಹಾಗೇ ಬಿಡುತ್ತೇನೆ.

ಹಕ್ಕಿಗೆ ಅಂತ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆ. ಹಕ್ಕಿಗಿಂತ ಜಾಸ್ತಿ ಬಂದಿದ್ದು ಜೇನು. ಮೊದಲ ದಿನ ಎರಡು ನೀರಿಗೆ ಬಿದ್ದು ಒದ್ದಾಡಿದವು. ಕಡ್ಡಿಯಿಂದ ಎತ್ತಿ ಬಿಟ್ಟು, ತಟ್ಟೆಗೆ ಒಂದಷ್ಟು ಬೆಣಚು ಕಲ್ಲು ಹಾಕಿದೆ. ಈಗ ಕಲ್ಲಿನ ಅಂಚಿನಲ್ಲಿ ಸಾಲಾಗಿ ಕೂತು ಕುಡಿಯುತ್ತವೆ. ಹತ್ತಿರ ಹೋಗಿ ನೋಡಿದರೆ ಹೊಟ್ಟೆ ಒಂದೇ ಸಮನೆ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತೆ. ನಮ್ಮ ಬೀದಿಯ ಆಚೆ ಹಳೇ ಕಟ್ಟಡದ ಕಡೆ ಹಾರುತ್ತವೆ, ಗೂಡು ಅಲ್ಲಿರಬೇಕು. ಆ ನೀರನ್ನು ಗೂಡಲ್ಲಿ ಹನಿಹನಿಯಾಗಿ ಹಚ್ಚಿ ರೆಕ್ಕೆ ಬೀಸಿ ಒಳಗೆ ತಂಪು ಮಾಡುತ್ತವಂತೆ.

ಅಕ್ಕಾ, ಒಂದು ವರ್ಷದಿಂದ ಗಿಡ ಸಾಕುತ್ತಿದ್ದೇನೆ. ತಾರಸಿಗೆ ಕುರ್ಚಿ ಹತ್ತಿಸಿದ್ದು ಈ ವಾರವೇ.


ಹಿತ್ತಲ ಮಲ್ಲಿಗೆ, ಶಿವಮೊಗ್ಗ
ಏಪ್ರಿಲ್ 26, ರಾತ್ರಿ 8:20

ತುಂಬ ಖುಷಿ ಆಯ್ತು ತಮ್ಮಾ. ಕಲ್ಲು ಹಾಕಿದ್ದು ಒಳ್ಳೇ ಕೆಲಸ. ತಟ್ಟೆಯ ನೀರು ದಿನಾ ಚೆಲ್ಲಿ ಹೊಸದು ಹಾಕಿ, ಸೊಳ್ಳೆ ಆಗಬಾರದು.

ಇವತ್ತು ಮಲ್ಲಿಗೆ ಬಿರಿಯೋದನ್ನು ಕೂತು ನೋಡಿದೆ. ದಿನಾ ಸಂಜೆ ಮೊಗ್ಗಲ್ಲೇ ಕೊಯ್ದು ಮಾಲೆ ಕಟ್ಟುತ್ತಿದ್ದೆ. ಇವತ್ತು ಒಂದು ಗೊಂಚಲು ಬಿಟ್ಟೆ. ಆರೂವರೆಗೆ ಮೊಗ್ಗಿನ ತುದಿ ಸಡಿಲ ಆಯಿತು. ಏಳಕ್ಕೆ ಹೊರಗಿನ ಒಂದು ಎಸಳು ಬಿಟ್ಟಿತು. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಯಿತು. ಕತ್ತಲೆ ಪೂರ್ತಿ ಆಗುವ ಹೊತ್ತಿಗೆ ಹೂ ಮಾತ್ರ ಬೆಳ್ಳಗೆ ಕಾಣುತ್ತಿತ್ತು.


ಸೋಗೆ ಮಾಡು, ತೀರ್ಥಹಳ್ಳಿ ಕಡೆ
ಏಪ್ರಿಲ್ 28, ರಾತ್ರಿ 9:40

ಮೇಡಂ, ಮೋಟಾರು ಓಡುವಾಗ ಏನು ಮಾಡುತ್ತೀರಿ ಅಂತ ಕೇಳಿದ್ದಿರಿ. ಅವತ್ತು ಉತ್ತರ ಕೊಡಲಿಲ್ಲ. ಮೊಬೈಲು ನೋಡುತ್ತೇನೆ, ಇಲ್ಲ ಸಾಲದ ಲೆಕ್ಕ ಹಾಕುತ್ತೇನೆ. ಅದೇ ನಿಜ.

ಈ ವಾರ ಎರಡು ದಿನ ಹಗಲು ಕರೆಂಟು ಇತ್ತು. ಬೆಳಿಗ್ಗೆಯೇ ಬಿಸಿಲಿಗೆ ಸಿಕ್ಕುವ ಕಡೆಯ ಮರಗಳಿಗೆ ಅಡಿಕೆ ಹಾಳೆ ಕಟ್ಟಿ ಮುಗಿಸಿದ್ದೆ. ನೈರುತ್ಯದ ಬಿಸಿಲು ನೇರ ಬಿದ್ದರೆ ಕಾಂಡ ಹಳದಿಯಾಗಿ ಸುಟ್ಟು ಆಮೇಲೆ ಸೀಳುತ್ತೆ, ಅದಕ್ಕೆ. ಸ್ಪ್ರಿಂಕ್ಲರ್ ಹಾಕಿ, ಮನೆಗೆ ಹೋಗದೆ ಕಾದಿಗೆಯ (ತೋಟದ ಬಸಿಗಾಲುವೆಯ) ದಂಡೆಯಲ್ಲಿ ಕೂತೆ. ಹತ್ತು ನಿಮಿಷಕ್ಕೆ ಪಿಕಳಾರ ಜೋಡಿ ಬಂತು. ನೀರು ಸುತ್ತಿ ಬರುವಾಗ ಬಾಳೆ ಎಲೆ ಮೇಲೆ ಕೂತು ಮೈ ತೋಯಿಸಿಕೊಂಡು, ನೀರು ಆಚೆ ಹೋದಾಗ ರೆಕ್ಕೆ ಕೊಡವಿ, ಮತ್ತೆ ಅದೇ ಜಾಗಕ್ಕೆ. ಆಮೇಲೆ ಮಡಿವಾಳ ಹಕ್ಕಿ. ಇಷ್ಟು ವರ್ಷ ನಾನು ಮೋಟಾರು ಹಾಕಿದಾಗೆಲ್ಲ ಇವು ಸ್ನಾನಕ್ಕೆ ಬರುತ್ತಿದ್ದವು ಅಂತ ಆಯಿತು.

ನಿನ್ನೆ ಅಮ್ಮನನ್ನು ಕರೆದುಕೊಂಡು ಹೋದೆ. ಅವರಿಗೆ ಎಪ್ಪತ್ತೆಂಟು. ಈ ತೋಟದಲ್ಲಿ ಗೊಬ್ಬರ ಹೊತ್ತಿದ್ದಾರೆ, ದರಗು ಹೊತ್ತಿದ್ದಾರೆ, ಅಡಿಕೆ ಹೆಕ್ಕಿದ್ದಾರೆ. ಕೂತಿದ್ದನ್ನು ನಾನು ಕಂಡಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಮೊದಲು "ಎಂತಕ್ಕೆ ಮಾರಾಯಾ" ಅಂತ ಎರಡು ಸಲ ಎದ್ದರು. ಆಮೇಲೆ ಸುಮ್ಮನಾದರು. ಹಕ್ಕಿ ನೋಡಿದರು. ಸುಮಾರು ಹೊತ್ತಾದ ಮೇಲೆ ಕಾದಿಗೆ ಆಚೆಯ ಒಂದು ಮರ ತೋರಿಸಿ, ಅದು ನೀನು ಹುಟ್ಟಿದ ವರ್ಷದ್ದು ಅಂದರು. ಅದರ ಪಕ್ಕದ್ದು ಅಕ್ಕನ ಮದುವೆಯ ಮಳೆಗಾಲದ್ದು. ಮೂಲೆಯಲ್ಲಿ ಸೊಟ್ಟಗೆ ಬೆಳೆದಿದ್ದು ಅಪ್ಪ ಕೈಯಾರೆ ನೆಟ್ಟ ಕೊನೆಯ ಸಸಿ. ನನಗೆ ಇದೆಲ್ಲ ಯಾವುದೂ ಗೊತ್ತಿರಲಿಲ್ಲ. ನೀರು ನಿಲ್ಲಿಸುವ ಹೊತ್ತಾದರೂ ಅಮ್ಮ ಹೇಳಬೇಕಾದ ಮರ ಇನ್ನೂ ಇದ್ದವು.

ನಾಳೆ ಕುರ್ಚಿ ಬೇಡ, ಕಾಲು ಚಾಚಬೇಕು, ಚಾಪೆ ತಗೊಂಡು ಬಾ ಅಂದಿದ್ದಾರೆ.